ನೋವು ಎಲ್ಲಿದೆ, ಬೆರಳಿಟ್ಟು ತೋರಿಸಿ

ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುವಲು ಹೋದಾಗ ಹೆಬ್ಬೆರಳ ಬುಡದಲ್ಲಿ ಚಳುಕು ಹೊಡೆಯಿತು. ಮುಚ್ಚಳ ಅಲ್ಲಾಡಲಿಲ್ಲ, ಕೈ ಸೋತಿತು. ಅದಕ್ಕೂ ತಿಂಗಳ ಹಿಂದಿನಿಂದಲೇ ಬಟ್ಟೆ ಹಿಂಡುವಾಗ, ಬೀಗದಲ್ಲಿ ಕೀಲಿ ತಿರುಗಿಸುವಾಗ ಬಲ ಮಣಿಕಟ್ಟು ನೋಯುತ್ತಿತ್ತು. ಎಲ್ಲೋ ಉಳುಕಿರಬೇಕೆಂದು ನೋವಿನೆಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದೆ.

ನನ್ನ ಕೆಲಸ ಪುಟವಿನ್ಯಾಸ. ಚಿತ್ರವನ್ನು ಹಿಡಿದು ಎಳೆಯುವುದು, ಚೌಕಟ್ಟು ಹಿಗ್ಗಿಸುವುದು, ಅಕ್ಷರದ ಸಾಲನ್ನು ಕೂದಲೆಳೆಯಷ್ಟು ಸರಿಸುವುದು. ದಿನಕ್ಕೆ ಎಂಟು ಗಂಟೆ, ಸಂಚಿಕೆ ಮುಗಿಸುವ ದಿನ ಹತ್ತು ಹನ್ನೆರಡು ಗಂಟೆ ಕೈ ಮೌಸ್ ಮೇಲೆಯೇ ಇರುತ್ತದೆ. "ಟ್ರ್ಯಾಕ್‌ಬಾಲ್ ತಗೊಳ್ಳಿ ಮೇಡಂ, ಕೈ ಅಲ್ಲಾಡಿಸೋದೇ ಬೇಡ" ಎಂದು ಪಕ್ಕದ ಮೇಜಿನ ಹುಡುಗ ಹೇಳಿದ. ಆ ಉಪಕರಣ ಇಟ್ಟಲ್ಲೇ ಇರುತ್ತದೆ. ಅದರ ಪಕ್ಕೆಯಲ್ಲಿರುವ ಚೆಂಡನ್ನು ಹೆಬ್ಬೆರಳಿನಿಂದ ಉರುಳಿಸಿದರೆ ಪರದೆಯ ಮೇಲೆ ಬಾಣ ಓಡಾಡುತ್ತದೆ. ಮಣಿಕಟ್ಟಿಗೆ ಪೂರ್ಣ ವಿಶ್ರಾಂತಿ ಎಂದು ನಂಬಿ ಕೊಂಡೆ. ಎರಡೇ ವಾರಕ್ಕೆ ನೋವು ದುಪ್ಪಟ್ಟಾಯಿತು.

ಫಿಸಿಯೋಥೆರಪಿಸ್ಟ್ ಕೇಳಿದ ಮೊದಲ ಮಾತು ಇನ್ನೂ ನೆನಪಿದೆ. "ಮಣಿಕಟ್ಟು ನೋವು ಅಂದ್ರೆ ನಂಗೆ ಗೊತ್ತಾಗಲ್ಲ ಮೇಡಂ. ಎಲ್ಲಿ ನೋಯುತ್ತೆ, ಒಂದೇ ಬೆರಳಿಟ್ಟು ತೋರಿಸಿ." ತೋರಿಸಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಲು ಹೇಳಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿದರು. ಕಣ್ಣಲ್ಲಿ ನೀರು ಬಂತು. "ದಣಿದಿರೋದು ನಿಮ್ಮ ಹೆಬ್ಬೆರಳು. ಅದಕ್ಕೇ ಇನ್ನಷ್ಟು ಕೆಲಸ ಕೊಟ್ಟಿದ್ದೀರಿ" ಎಂದರು.

ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡ ಕೆರ್ವೇನ್ 1895ರಲ್ಲಿ ವಿವರಿಸಿದ ತೊಂದರೆ ಇದು. ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹೆಬ್ಬೆರಳನ್ನು ಹೊರಕ್ಕೆ ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಅಂಚಿನಲ್ಲಿ ಒಂದು ಕಿರಿದಾದ ಪೊರೆಯೊಳಗೆ ಜಾರಾಡುತ್ತವೆ. ಆ ಪೊರೆ ದಪ್ಪವಾದರೆ ಪ್ರತಿ ಜಾರಾಟವೂ ಉಜ್ಜಾಟವಾಗುತ್ತದೆ. ಎಳೆಗೂಸನ್ನು ಎತ್ತಿ ಎತ್ತಿ ಬಾಣಂತಿಯರಿಗೂ ಇದು ಬರುತ್ತದೆ. ಇಂಥ ನೋವಿರುವವರು ಹೆಬ್ಬೆರಳಿನಿಂದ ಉರುಳಿಸುವ ಟ್ರ್ಯಾಕ್‌ಬಾಲ್ ಕೊಳ್ಳಲೇಬಾರದು. ಅದೇ ಉಪಕರಣ ಹೆಗಲು ನೋವಿನ ಇನ್ನೊಬ್ಬರಿಗೆ ಹಿತವಾಗಬಹುದು. "ಮಣಿಕಟ್ಟು ನೋವಿಗೆ ಒಳ್ಳೆಯ ಮೌಸ್ ಯಾವುದು" ಎಂದು ಯಾರಾದರೂ ಕೇಳಿದರೆ ನಾನೂ ಈಗ ಮೊದಲು ಬೆರಳಿಟ್ಟು ತೋರಿಸಲು ಹೇಳುತ್ತೇನೆ.

ಬೆರಳು ಅಂಗೈ ಕಡೆಯ ಮಣಿಕಟ್ಟಿನ ನಡುವೆ ನಿಂತರೆ, ಜೊತೆಗೆ ಜೋಮೂ ಇದ್ದರೆ, ಅದು ಬೇರೆಯೇ ಕಥೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ತೊಟ್ಟಿಲಿನಂತೆ ಕೂಡಿಕೊಂಡಿವೆ, ಮೇಲೆ ಗಟ್ಟಿ ಪಟ್ಟಿಯೊಂದು ಬಿಗಿದಿದೆ. ಈ ಇಕ್ಕಟ್ಟಾದ ಸುರಂಗವೇ ಕಾರ್ಪಲ್ ಟನಲ್. ಬೆರಳು ಮಡಿಸುವ ಒಂಬತ್ತು ರಜ್ಜುಗಳೂ ಒಂದು ನರವೂ ಅದರೊಳಗೇ ಹಾಯಬೇಕು. ಒಳಗೆ ಊತ ಬಂದರೆ ಮೊದಲು ನಲುಗುವುದು ನರ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಬೇರೆ ನರವಿರುವುದರಿಂದ ಅದಕ್ಕೇನೂ ಆಗುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವವರು ಮೌಸ್ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಮಧುಮೇಹ, ಥೈರಾಯ್ಡ್ ಕೊರತೆ, ಬಸುರಿತನಗಳಲ್ಲಿಯೂ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ತಡಮಾಡಿದರೆ ಹೆಬ್ಬೆರಳ ಬುಡದ ಮಾಂಸಖಂಡ ಸೊರಗಿಹೋಗುತ್ತದೆ, ಅದು ಮತ್ತೆ ತುಂಬಿಕೊಳ್ಳುವುದು ಕಷ್ಟ.

ಎಲ್ಲ ತಪ್ಪನ್ನೂ ಮೌಸ್ ಮೇಲೆ ಹೊರಿಸುವುದೂ ಸರಿಯಲ್ಲ. ಡೆನ್ಮಾರ್ಕಿನಲ್ಲಿ ಸುಮಾರು ಏಳು ಸಾವಿರ ಮಂದಿ ಕಂಪ್ಯೂಟರ್ ಕೆಲಸಗಾರರನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ವರದಿ, ಕಂಪ್ಯೂಟರ್ ಬಳಕೆ ಕಾರ್ಪಲ್ ಟನಲ್ ತೊಂದರೆಗೆ ಭಾರೀ ಅಪಾಯವೇನಲ್ಲ ಎಂದಿತು. ಆದರೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಮೌಸ್ ಹಿಡಿಯುವವರಲ್ಲಿ ಲಕ್ಷಣಗಳಿಗೂ ಬಳಕೆಗೂ ನಂಟು ಕಂಡಿತ್ತು. ಪುಟವಿನ್ಯಾಸ ಮಾಡುವ ನಾವು ಆ 20 ಗಂಟೆಯನ್ನು ಬುಧವಾರಕ್ಕೇ ದಾಟಿರುತ್ತೇವೆ. 1999ರ ಇನ್ನೊಂದು ಪ್ರಯೋಗ ಸುರಂಗದೊಳಗಿನ ಒತ್ತಡವನ್ನೇ ಅಳೆಯಿತು. ಮೌಸ್ ಮೇಲೆ ಕೈ ಸುಮ್ಮನಿದ್ದಾಗಿನದಕ್ಕಿಂತ ಗುಂಡಿ ಒತ್ತಿ ಹಿಡಿದು ಎಳೆಯುವಾಗ ಒತ್ತಡ ಬಹಳ ಏರಿತ್ತು. ಪುಟ ಕಟ್ಟುವವರು ದಿನವಿಡೀ ಮಾಡುವುದು ಅದನ್ನೇ. ಇದಕ್ಕೆ ಕಾಸಿಲ್ಲದ ಉಪಾಯವೊಂದು ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲೇ ಇದೆ, ಹೆಸರು ಕ್ಲಿಕ್‌ಲಾಕ್. ಗುಂಡಿಯನ್ನು ಕ್ಷಣಕಾಲ ಒತ್ತಿ ಬಿಟ್ಟರೆ ಸಾಕು, ಬೆರಳು ಸಡಿಲ ಬಿಟ್ಟೇ ಎಳೆಯಬಹುದು. ಕೆಲಸಕ್ಕೆ ಸೇರಿದ ದಿನವೇ ಯಾರಾದರೂ ನನಗೆ ಇದನ್ನು ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ.

ಮಣಿಕಟ್ಟಿನ ಕೆಳಗೆ ಇಟ್ಟುಕೊಳ್ಳುವ ಮೆತ್ತನೆಯ ಜೆಲ್ ದಿಂಬಿನ ಬಗ್ಗೆಯೂ ಒಂದು ಮಾತು. ಅಂಗೈ ಬುಡವನ್ನು ಅದರ ಮೇಲೆ ಊರಿ ಕೂತರೆ ಭಾರ ಬೀಳುವುದು ಆ ಸುರಂಗದ ಮೇಲೆಯೇ. ಊರಬೇಕಾದದ್ದು ಮುಂಗೈ, ಮೊಣಕೈಯಿಂದ ಈಚೆಗೆ ಅದು ಮೇಜಿನ ಮೇಲೆ ಹಾಯಾಗಿ ಮಲಗಿರಬೇಕು.

ಮೌಸ್ ಹುಟ್ಟಿದ್ದು ನೋವು ತಪ್ಪಿಸಲಿಕ್ಕಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬರ್ಟ್ ಕಲ್ಪಿಸಿದ್ದನ್ನು ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಪೆಟ್ಟಿಗೆಯಾಗಿ ಕಟ್ಟಿದರು. ಕೆಳಗೆ ಎರಡು ಚಕ್ರ, ಮೇಲೆ ಒಂದು ಗುಂಡಿ. ಅದನ್ನು ಬೆಳಕಿನ ಪೆನ್ನು, ಜಾಯ್‌ಸ್ಟಿಕ್, ಮೇಜಿನಡಿ ಮೊಣಕಾಲಿನಿಂದ ನಡೆಸುವ ಸಾಧನ, ಇವುಗಳ ಜೊತೆ ಪರೀಕ್ಷೆಗಿಟ್ಟರು. ಅಳೆದದ್ದು ಎರಡು: ಎಷ್ಟು ಬೇಗ, ಎಷ್ಟು ತಪ್ಪು. ಅಭ್ಯಾಸವಾದವರ ಕೈಯಲ್ಲಿ ಮೌಸ್ ಗೆದ್ದಿತು. ಚೆಂಡು ಉರುಳಿಸುವ ಟ್ರ್ಯಾಕ್‌ಬಾಲ್ ಅದಕ್ಕಿಂತ ಹಿರಿಯದು. 1952ರ ಹೊತ್ತಿಗೆ ಕೆನಡಾ ನೌಕಾಪಡೆಯ ಯೋಜನೆಯೊಂದರಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಹಾಕಿ ಅದನ್ನು ಮಾಡಿದ್ದರು.

ಈಗ ಎಲ್ಲರ ಬಾಯಲ್ಲಿರುವುದು ವರ್ಟಿಕಲ್ ಮೌಸ್. ಅದರ ಹಿಂದಿನ ತರ್ಕ ಗಟ್ಟಿಯಾದದ್ದೇ. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಯಾರಿಗೋ ಪುಸ್ತಕ ಕೊಡಲು ಚಾಚಿದಂತೆ ಕೈ ಹಿಡಿದರೆ ಎರಡೂ ಪಕ್ಕಪಕ್ಕದಲ್ಲಿರುತ್ತವೆ. ಅಂಗೈ ಕೆಳಗೆ ಮಾಡಿ ಮಾಮೂಲಿ ಮೌಸ್ ಹಿಡಿದರೆ ಒಂದರ ಮೇಲೊಂದು ಹೊರಳುತ್ತದೆ, ಮುಂಗೈ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತದೆ. ವರ್ಟಿಕಲ್ ಮೌಸ್ ಆ ತಿರುಚನ್ನು ಬಿಡಿಸುತ್ತದೆ. ಆದರೆ ಅದರ ಗುಂಡಿ ಪಕ್ಕೆಯಲ್ಲಿರುವುದರಿಂದ ಒತ್ತಿದಾಗ ಮೌಸ್ ಸರಿಯುತ್ತದೆ, ಸರಿಯದಂತೆ ತಡೆಯಲು ಹೆಬ್ಬೆರಳು ಬಿಗಿಯುತ್ತದೆ. ನನಗೆ ಅದು ಒಗ್ಗಲಿಲ್ಲ. ಮೊಣಕೈ ಹೊರಭಾಗದ ನೋವಿದ್ದ ಗೆಳತಿಗೆ ಒಗ್ಗಿತು. ಆಕೆಗೆ ಕ್ಲಿಕ್ ಮಾಡದಿದ್ದಾಗಲೂ ತೋರುಬೆರಳನ್ನು ಗುಂಡಿಯ ಮೇಲೆ ಎತ್ತಿಯೇ ಹಿಡಿಯುವ ಅಭ್ಯಾಸವಿತ್ತು. ಬೆರಳೆತ್ತುವ ಸ್ನಾಯುಗಳ ಬುಡ ಮೊಣಕೈಯಲ್ಲೇ ಇದೆ.

ಅಳತೆಯನ್ನು ಮಾತ್ರ ಯಾರೂ ಮರೆಯಬಾರದು. ಚಪ್ಪಲಿಯನ್ನು ಕಾಲಿಟ್ಟು ನೋಡದೆ ಕೊಳ್ಳದ ನಾವು ಮೌಸನ್ನು ಚಿತ್ರ ನೋಡಿ ಕೊಳ್ಳುತ್ತೇವೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಲಾಜಿಟೆಕ್ ಕಂಪನಿಯ ಲಿಫ್ಟ್ ಎಂಬ ವರ್ಟಿಕಲ್ ಮೌಸ್ ಸಣ್ಣ ಮತ್ತು ಮಧ್ಯಮ ಅಳತೆಯ, ಅಂದರೆ 19 ಸೆಂ.ಮೀ.ವರೆಗಿನ ಕೈಗೆಂದೇ ಮಾಡಿದ್ದು, ಎಡಗೈಯವರಿಗೂ ಸಿಗುತ್ತದೆ. ದೊಡ್ಡ ಕೈಗೆ ಮಾಡಿದ ಮೌಸ್ ಮೇಲೆ ಸಣ್ಣ ಕೈ ಇಟ್ಟರೆ ಗುಂಡಿ ಮುಟ್ಟಲು ಬೆರಳು ಚಾಚಬೇಕು, ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಆಗ ಎಷ್ಟು ಸಾವಿರ ಕೊಟ್ಟರೂ ಪ್ರಯೋಜನವಿಲ್ಲ.

ಕೊಳ್ಳುವ ಮುಂಚೆ ಮೇಜು ನೋಡಿ. ಕೀಬೋರ್ಡಿನ ಬಲತುದಿಯ ಅಂಕಿಗುಂಡಿಗಳ ಆಚೆ ಮೌಸ್ ಇದ್ದರೆ ದಿನವಿಡೀ ತೋಳು ಹೊರಕ್ಕೆ ಚಾಚಿರುತ್ತದೆ. ಅಂಕಿಗುಂಡಿಗಳಿಲ್ಲದ ಗಿಡ್ಡ ಕೀಬೋರ್ಡ್ ತಂದ ವಾರದಲ್ಲೇ ನನ್ನ ಹೆಗಲಿನ ಸೆಳೆತ ಇಳಿಯಿತು. ಊಟದ ಮೇಜಿನಲ್ಲಿ ಕೆಲಸ ಮಾಡುವವರು ಕುರ್ಚಿ ಮೇಲೊಂದು ದಿಂಬು ಹಾಕಿಕೊಳ್ಳಿ, ಕಾಲಿಗೊಂದು ಮಣೆ ಇಟ್ಟುಕೊಳ್ಳಿ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಬಾಣದ ವೇಗ ಸ್ವಲ್ಪ ಹೆಚ್ಚಿಸಿ, ಕೈ ಓಡಾಡುವ ದೂರ ಕಡಿಮೆಯಾಗುತ್ತದೆ.

ನನ್ನ ಮೇಜಿನ ಮೇಲೆ ಈಗ ಕೆನ್ಸಿಂಗ್‌ಟನ್ ಎಕ್ಸ್‌ಪರ್ಟ್ ಮೌಸ್ ಇದೆ. ಹೆಸರು ಮೌಸ್ ಎಂದಿದ್ದರೂ ಅದು ಟ್ರ್ಯಾಕ್‌ಬಾಲ್. ನಡುವೆ 55 ಮಿ.ಮೀ. ಚೆಂಡು, ಉರುಳಿಸಲು ಹೆಬ್ಬೆರಳು ಬೇಡ, ನಡುವಿನ ಬೆರಳುಗಳು ಸಾಕು. ಎರಡೂ ಕೈಗೆ ಹೊಂದುವ ಆಕಾರ. ಮಧ್ಯಾಹ್ನದ ಊಟದವರೆಗೆ ಬಲಗೈ, ಆಮೇಲೆ ಎಡಗೈ. ಎಡಗೈ ಪಳಗಲು ಮೂರು ವಾರ ಹಿಡಿಯಿತು. ಆ ಮೂರು ವಾರ ಪುಟಗಳು ತಡವಾದವು, ಸಂಪಾದಕರು ತಾಳಿಕೊಂಡರು.

ಪತ್ರಿಕಾ ಕಚೇರಿ, ಡಿಟಿಪಿ ಅಂಗಡಿ, ಲೆಕ್ಕಪತ್ರದ ಆಫೀಸು ನಡೆಸುವವರಲ್ಲಿ ಒಂದು ಕೋರಿಕೆ. ಸಾಮಾನ್ಯ ಮೌಸ್ ಜೊತೆಗೆ ಒಂದು ವರ್ಟಿಕಲ್, ಒಂದು ಬೆರಳಿನ ಟ್ರ್ಯಾಕ್‌ಬಾಲ್ ತಂದಿಡಿ. ಕೈನೋವು ಎಂದವರಿಗೆ ಒಂದೊಂದನ್ನೂ ಎರಡೆರಡು ವಾರ ಬಳಸಿ ನೋಡಲು ಬಿಡಿ. ಯಾವುದು ಬೇಕೆಂದು ಅವರ ಕೈಯೇ ಹೇಳಲಿ, ಅದನ್ನೇ ಕೊಡಿಸಿ.