ಆಟಿಸಂ ಇರುವ ಮಗು: ಮನೆಯ ಲೆಕ್ಕ, ಊರಿನ ಪಾಲು

ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಔಷಧಿಗೆ ಎಷ್ಟು ಖರ್ಚಾಯಿತೆಂದು ನಾವು ಕೇಳುತ್ತೇವೆ. ಎಷ್ಟು ದಿನದ ಕೂಲಿ ಹೋಯಿತೆಂದು ಕೇಳುವವರು ವಿರಳ. ಆಟಿಸಂ ಇರುವ ಮಕ್ಕಳ ಮನೆಗಳಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಏಕೆಂದರೆ ಆಟಿಸಂ ಅನ್ನು ವಾಸಿಮಾಡುವ ಔಷಧಿಯೇ ಇಲ್ಲ. ಅಲ್ಲಿ ಖರ್ಚಾಗುವುದು ದಿನಗಳು. ಈ ಮಾತನ್ನು ಸ್ವಲ್ಪ ವಿವರಿಸಿ, ಆ ಭಾರದಲ್ಲಿ ಊರಿನವರೂ ವಿದ್ಯಾರ್ಥಿಗಳಾದ ನಾವೂ ಹೊರಬಹುದಾದ ಪಾಲು ಯಾವುದೆಂದು ತಿಳಿಸುವುದು ಈ ಲೇಖನದ ಉದ್ದೇಶ.

ಯಶವಂತನಗರದ ನಮ್ಮ ಓಣಿಯಲ್ಲಿ ಏಳು ವರ್ಷದ ಹುಡುಗನೊಬ್ಬನಿದ್ದಾನೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಮೊದಲು ಎಲ್ಲರೂ ಕಿವಿ ಕೇಳಿಸದೆಂದೇ ತಿಳಿದಿದ್ದೆವು. ಆದರೆ ಅದಿರಿನ ಲಾರಿ ದೂರದಲ್ಲಿ ಹಾರನ್ ಹಾಕಿದರೂ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು ಅಳುತ್ತಾನೆ. ಕಿವುಡನಾದವನು ಕಿವಿ ಮುಚ್ಚಿಕೊಳ್ಳುವುದೇಕೆ ಎಂದು ನಮಗಾರಿಗೂ ಹೊಳೆಯಲಿಲ್ಲ. ಕಳೆದ ವರ್ಷ ಅವನ ತಾಯಿ ಆಸ್ಪತ್ರೆಯ ಚೀಟಿಯೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. "ತಮ್ಮಾ, ನೀನು ಓದಿದೋನು. ಇದರಾಗ ಏನು ಬರದೈತಿ ನೋಡಿ ಹೇಳು" ಎಂದರು. ನನಗೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ; ಓಣಿಯವರ ಕಾಗದಗಳೆಲ್ಲ ನನ್ನ ಬಳಿಗೆ ಬರುತ್ತವೆ. ಆ ದಿನ ನಾಚಿಕೆಯಾಯಿತು. ಅನಂತರ ಓದಿ, ವೈದ್ಯರನ್ನೂ ಶಾಲೆಯವರನ್ನೂ ಕೇಳಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರಿದೆ. ೧೯೪೩ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಇದರ ಲಕ್ಷಣಗಳನ್ನು ವಿವರಿಸಿದನು. ಮಾತು ಮತ್ತು ಸಂವಾದದಲ್ಲಿ ತೊಡಕು, ಇತರರೊಡನೆ ಬೆರೆಯುವುದರಲ್ಲಿ ಭಿನ್ನತೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಶಬ್ದ ಬೆಳಕು ಸ್ಪರ್ಶಗಳನ್ನು ಅತಿಯಾಗಿ ಅಥವಾ ಅತ್ಯಲ್ಪವಾಗಿ ಅನುಭವಿಸುವುದು, ಇವು ಮುಖ್ಯವಾದುವು. ಎಲ್ಲ ಮಕ್ಕಳಲ್ಲಿಯೂ ಇವು ಒಂದೇ ಪ್ರಮಾಣದಲ್ಲಿರುವುದಿಲ್ಲ. ಕೆಲವರು ದೊಡ್ಡವರಾಗಿ ಸ್ವತಂತ್ರವಾಗಿ ಬಾಳುತ್ತಾರೆ. ಕೆಲವರಿಗೆ ಜೀವನಪರ್ಯಂತ ಒಬ್ಬರ ಆಸರೆ ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನ ೧೨೭ ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಆದುದರಿಂದ ಇದು ದೂರದ ಯಾವುದೋ ಊರಿನ ವಿಷಯವಲ್ಲ.

ಒಂದು ಕಾಲದಲ್ಲಿ ಪಾಶ್ಚಾತ್ಯ ವಿದ್ವಾಂಸರೇ ಇದಕ್ಕೆ ತಾಯಿಯ ಪ್ರೀತಿಯ ಕೊರತೆ ಕಾರಣವೆಂದು ನಂಬಿದ್ದರು. ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞ, ತಾನೂ ಅಂತಹ ಮಗುವಿನ ತಂದೆಯಾಗಿದ್ದವನು, ೧೯೬೪ರಲ್ಲಿ ಪುಸ್ತಕ ಬರೆದು ಆ ವಾದವನ್ನು ಖಂಡಿಸಿದನು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದು, ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಇಂದು ಒಪ್ಪಿತವಾದ ವಿಷಯ. ನಮ್ಮಲ್ಲಿ ಅದೇ ಆರೋಪ ಬೇರೆ ರೂಪದಲ್ಲಿ ಉಳಿದಿದೆ: ಬಸುರಿಯಲ್ಲಿ ಗ್ರಹಣ ನೋಡಿದಳು, ಹರಕೆ ಮರೆತಳು ಎನ್ನುತ್ತಾರೆ. ಈ ಮಾತಿಗೂ ಬೆಲೆ ತೆರಬೇಕಾಗುತ್ತದೆ. ನಮ್ಮ ಓಣಿಯ ಆ ತಾಯಿ ಮೂರು ವರ್ಷ ಹರಕೆ, ತಾಯಿತ, ನಾಟಿ ಮದ್ದುಗಳಿಗೆ ಅಲೆದರು. ಕಿವಿಯ ಓಲೆ ಒತ್ತೆಗೆ ಹೋದದ್ದು ಆಸ್ಪತ್ರೆಗಾಗಿ ಅಲ್ಲ, ಇದಕ್ಕಾಗಿ.

ಇನ್ನು ದಿನಗಳ ಲೆಕ್ಕವನ್ನು ನೋಡೋಣ. ಇಂತಹ ಮಗುವಿಗೆ ಬೇಕಾದುದು ತರಬೇತಿ: ಮಾತಿನದು, ಕೈಕೆಲಸದ್ದು, ನಡವಳಿಕೆಯದು. ಚಿಕ್ಕ ವಯಸ್ಸಿನಲ್ಲಿ ಆರಂಭಿಸಿ ವರ್ಷಗಟ್ಟಲೆ ನಡೆಸಬೇಕು. ಅದಕ್ಕಾಗಿ ಇವರು ಸಂಡೂರಿಗೆ ಬಂದು, ಅಲ್ಲಿಂದ ಬಳ್ಳಾರಿಯ ಬಸ್ಸು ಹಿಡಿಯಬೇಕು. ೨೦೨೩ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ಟಿಲ್ಲ. ಮಗನಿಗೆ ಅರ್ಧ ಟಿಕೆಟ್ಟು, ತಂದೆಗೆ ಪೂರ್ಣ. ಗದ್ದಲದ ಬಸ್ಸಿನಲ್ಲಿ ಹೆದರಿ ಕೊಸರುವ ಹುಡುಗನನ್ನು ಒಬ್ಬರೇ ಹಿಡಿದುಕೊಳ್ಳಲಾಗದು; ಇಬ್ಬರೂ ಹೋಗಬೇಕು. ವಾರಕ್ಕೊಮ್ಮೆ ಹೋದರೂ ವರ್ಷಕ್ಕೆ ೫೨ ದಿನ. ಇಬ್ಬರದು ಸೇರಿ ೧೦೪ ಕೂಲಿ. ಒಬ್ಬ ಆಳಿನ ಮೂರು ತಿಂಗಳಿಗೂ ಮಿಕ್ಕ ದುಡಿಮೆ ಬಸ್ಸಿನಲ್ಲಿಯೇ ಕಳೆಯಿತು. ಉಳಿದ ದಿನಗಳಲ್ಲಾದರೂ ತಾಯಿ ಕೂಲಿಗೆ ಹೋಗಬಹುದೆ? ಮಗು ರಸ್ತೆಗೆ ಓಡಿದರೆ ಹಿಡಿಯುವವರಾರು? ಹೀಗೆ ಎರಡು ಕೂಲಿಯ ಮನೆ ಒಂದು ಕೂಲಿಯ ಮನೆಯಾಗುತ್ತದೆ. ಇದು ಯಾವ ಆಸ್ಪತ್ರೆಯ ಬಿಲ್ಲಿನಲ್ಲಿಯೂ ಕಾಣದ ಖರ್ಚು. ಆ ಮನೆಯವರು ನಾಲ್ಕು ಸಲ ಹೋಗಿ ನಿಲ್ಲಿಸಿಬಿಟ್ಟರು. ಇದನ್ನು ಅವರ ಅಸಡ್ಡೆ ಎನ್ನುವವರು ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು.

ಸರಕಾರದ ನೆರವು ಇಲ್ಲವೆ? ಇದೆ. ೧೯೯೫ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ೨೦೧೬ರ ಹಕ್ಕುಗಳ ಕಾಯಿದೆಯು ಗುರುತಿಸಿದ ೨೧ ಬಗೆಯ ವಿಕಲತೆಗಳಲ್ಲಿ ಅದೂ ಒಂದು. ಪ್ರಮಾಣಪತ್ರಕ್ಕಾಗಿ ಭಾರತದಲ್ಲಿಯೇ ಸಿದ್ಧಪಡಿಸಿದ ನಲವತ್ತು ಅಂಶಗಳ ಅಳತೆಗೋಲಿದೆ. ವಿಕಲತೆ ಶೇಕಡ ೪೦ಕ್ಕೆ ಕಡಿಮೆಯಿಲ್ಲವೆಂದು ತೀರ್ಮಾನವಾದರೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಬರುತ್ತದೆ. ಮಾಸಾಶನಕ್ಕೂ ಅರ್ಜಿ ಹಾಕಬಹುದು. ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ವಿಮೆಯು ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಇದ್ದು, ಅದರಲ್ಲಿ ತರಬೇತಿಯ ವೆಚ್ಚವೂ ಒಂದು ಮಿತಿಯೊಳಗೆ ಸೇರಿದೆ.

ಇವೆಲ್ಲ ಒಳ್ಳೆಯವೇ. ಆದರೆ ಪ್ರತಿಯೊಂದಕ್ಕೂ ಒಂದೊಂದು ಹೊಸ್ತಿಲಿದೆ. ನಿರಾಮಯದಲ್ಲಿ ಮೊದಲು ಕೈಯಿಂದ ಖರ್ಚುಮಾಡಿ, ಬಿಲ್ಲು ಕಳುಹಿಸಿ, ಅನಂತರ ಹಣ ಪಡೆಯಬೇಕು. ಮೊದಲು ಖರ್ಚುಮಾಡಲು ಹಣವಿಲ್ಲದವನ ಗತಿಯೇನು? ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ತಂದೆತಾಯಿಯರಿಗೆ ೭೫,೦೦೦ ರೂಪಾಯಿಯ ಕಡಿತವುಂಟು, ತೀವ್ರ ವಿಕಲತೆಯಾದರೆ ೧,೨೫,೦೦೦; ತೆರಿಗೆಯನ್ನೇ ಕಟ್ಟದ ಗಣಿ ಕೂಲಿಯವನಿಗೆ ಇದರಿಂದ ಒಂದು ಕಾಸೂ ಉಳಿಯದು. ಪ್ರಮಾಣಪತ್ರವೊಂದಕ್ಕೇ ನಮ್ಮ ಓಣಿಯವರು ಮೂರು ಸಲ ತಿರುಗಿದರು, ಅಂದರೆ ಮತ್ತೆ ಆರು ಕೂಲಿ.

ಹಾಗಾದರೆ ದಾರಿಯೇನು? ಮಗು ತರಬೇತಿಯ ಬಳಿಗೆ ಹೋಗುವ ಬದಲು ತರಬೇತಿಯೇ ಮಗುವಿನ ಬಳಿಗೆ ಬರಬೇಕು. ಇದು ಬರಿಯ ಕನಸಲ್ಲ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ೬೫ ಮಕ್ಕಳೊಡನೆ ನಡೆದು ೨೦೧೬ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಜ್ಞರಲ್ಲದ ಸಾಮಾನ್ಯ ಕಾರ್ಯಕರ್ತರಿಗೆ ಶಿಕ್ಷಣ ಕೊಟ್ಟು, ಅವರ ಮೂಲಕ ತಂದೆತಾಯಿಯರಿಗೆ ಮಗುವಿನೊಡನೆ ವ್ಯವಹರಿಸುವ ಕ್ರಮವನ್ನು ಕಲಿಸಿದರು. ಮಕ್ಕಳು ತಾವಾಗಿಯೇ ತಂದೆತಾಯಿಯರೊಡನೆ ಸಂವಾದ ತೊಡಗುವುದು ಹೆಚ್ಚಿತು. ಆಟಿಸಂ ಮಾಯವಾಗಲಿಲ್ಲ, ಆದರೆ ಮನೆಯೇ ಕಲಿಕೆಯ ಸ್ಥಳವಾಯಿತು.

ನಮ್ಮಲ್ಲಿಯೂ ಇದಕ್ಕೆ ಆಧಾರವಿದೆ. ಅಂಗನವಾಡಿ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ. ಗ್ರಾಮ ಪಂಚಾಯತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬ ವ್ಯವಸ್ಥೆಯಿದೆ. ಪಂಚಾಯತಿಯ ಸ್ವಂತ ವರಮಾನದಲ್ಲಿ ಶೇಕಡ ಐದರಷ್ಟನ್ನು ಅಂಗವಿಕಲರಿಗಾಗಿ ವಿನಿಯೋಗಿಸಬೇಕೆಂಬ ನಿಯಮವಿದೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಬೊಕ್ಕಸವೂ ಉಂಟು. ೨೦೧೫ರ ಗಣಿ ಕಾಯಿದೆಯ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಮಾಲೀಕರು ಹಣ ಕಟ್ಟುತ್ತಾರೆ. ಅದನ್ನು ಗಣಿಬಾಧಿತ ಊರುಗಳಿಗಾಗಿ ವೆಚ್ಚಮಾಡಬೇಕಾದ ಆದ್ಯತೆಯ ಬಾಬುಗಳಲ್ಲಿ ವೃದ್ಧರ ಹಾಗೂ ಅಂಗವಿಕಲರ ಕಲ್ಯಾಣವನ್ನು ಸ್ಪಷ್ಟವಾಗಿ ಹೆಸರಿಸಲಾಗಿದೆ. ಸಂಡೂರಿನ ಬೆಟ್ಟಗಳ ಅದಿರಿನಿಂದ ಬಂದ ಹಣದಲ್ಲಿ ವಾರಕ್ಕೆರಡು ದಿನ ನಮ್ಮ ಭಾಗದ ಊರುಗಳಿಗೆ ಬಂದು ಹೋಗುವ ಒಬ್ಬ ಮಾತಿನ ತರಬೇತುದಾರರನ್ನು ಕೇಳುವುದು ಅತಿಯಾಸೆಯಾಗಲಾರದು. ಆದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಮಗುವನ್ನು ಬಿಟ್ಟು ಬರಲಾರದ ತಾಯಿ ಗ್ರಾಮಸಭೆಗೆ ಬರಲಾರಳು. ಆದುದರಿಂದ ಅವಳ ಪರವಾಗಿ ನೆರೆಯವರು ಕೇಳಬೇಕು.

ಹಣವಿಲ್ಲದೆ ಮಾಡಬಹುದಾದ ಕೆಲಸವೂ ಇದೆ. ಅಂತಹ ಮನೆಗೆ ಮರುಕದ ಮಾತಿಗಿಂತ ಎರಡು ಗಂಟೆಯ ಬಿಡುವು ಹೆಚ್ಚು ಬೆಲೆಯುಳ್ಳದು. ಸ್ತ್ರೀಶಕ್ತಿ ಸಂಘದ ಹತ್ತು ಮಂದಿ ಸರದಿಯಂತೆ ಒಂದೊಂದು ದಿನ ಮಗುವಿನ ಬಳಿ ಕುಳಿತರೆ ಆ ತಾಯಿ ಮತ್ತೆ ಕೆಲಸಕ್ಕೆ ಹೋಗಬಹುದು. ಮದುವೆ ಜಾತ್ರೆಗಳಿಗೆ ಮಗುವನ್ನು ಕರೆತರಬೇಡಿರೆನ್ನುವ ಬದಲು ಸದ್ದಿಲ್ಲದ ಒಂದು ಮೂಲೆಯನ್ನು ತೋರಿಸಬಹುದು. "ನಾವು ಹೋದ ಮೇಲೆ ಇವನಿಗೆ ಯಾರು?" ಎಂಬುದು ತಂದೆತಾಯಿಯರ ಕಡೆಯ ಚಿಂತೆ. ಹದಿನೆಂಟು ತುಂಬಿದ ಮೇಲೆ ಪೋಷಕರನ್ನು ನೇಮಿಸಲು ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಯಿದೆ. ಆದರೆ ಪೋಷಕನಾಗಿ ಮುಂದೆ ಬರುವ ಮನುಷ್ಯ ಊರಿನಲ್ಲಿಯೇ ಹುಟ್ಟಬೇಕು; ಮಗುವನ್ನು ಬಲ್ಲವನಾಗಿರಬೇಕು.

ವಿದ್ಯಾರ್ಥಿಮಿತ್ರರಲ್ಲಿ ನನ್ನದೊಂದು ಅರಿಕೆ. ನಮ್ಮಲ್ಲಿ ಬಹುಮಂದಿ ಓದುಬಾರದ ಮನೆಗಳಿಂದ ಬಂದವರು. ಅರ್ಜಿ ಬರೆಯುವುದು, ಆಧಾರ್ ಜೋಡಿಸುವುದು, ತಾರೀಖು ನೆನಪಿಡುವುದು ನಮಗೆ ಅರ್ಧ ಗಂಟೆಯ ಕೆಲಸ. ಅವರಿಗೆ ಅದೇ ಒಂದು ದಿನದ ಕೂಲಿ. ನಮ್ಮ ಎನ್.ಎಸ್.ಎಸ್. ಘಟಕವು ಊರೂರುಗಳಲ್ಲಿ ಇಂತಹ ಮನೆಗಳನ್ನು ಗುರುತಿಸಿ ಕಾಗದಪತ್ರಗಳ ಕೆಲಸವನ್ನು ವಹಿಸಿಕೊಳ್ಳಬಾರದೇಕೆ? ಅಧ್ಯಾಪಕರು ಈ ವಿಷಯದಲ್ಲಿ ನಮಗೆ ದಾರಿ ತೋರಬೇಕೆಂದು ಪ್ರಾರ್ಥಿಸುತ್ತೇನೆ.

ನಮ್ಮ ಓಣಿಯ ಹುಡುಗನಿಗೆ ಪ್ರಮಾಣಪತ್ರ ಬಂದಿದೆ. ಮಾಸಾಶನದ ಅರ್ಜಿಯನ್ನು ನಾನೇ ಬರೆದುಕೊಟ್ಟೆ, ಇನ್ನೂ ಮಂಜೂರಾಗಿಲ್ಲ. ಭಾನುವಾರ ಬೆಳಿಗ್ಗೆ ಅವನು ನಮ್ಮ ಜಗಲಿಯ ಮೇಲೆ ಕುಳಿತು ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸುತ್ತಾನೆ. ಆ ಹೊತ್ತಿನಲ್ಲಿ ಅವನ ತಾಯಿ ಸಂತೆಗೆ ಹೋಗಿ ಬರುತ್ತಾರೆ. ಸದ್ಯಕ್ಕೆ ನಮ್ಮಿಂದಾದುದು ಇಷ್ಟು.