ಯೆರೂಸಲೇಮಿನ ಎರಡು ಮುತ್ತಿಗೆಗಳು

ಪ್ರಜೆಗಳನ್ನು ಕಾಯುವುದು ಅರಸನ ಧರ್ಮವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕಾಯುವುದೆಂದರೆ ಏನೆಂಬಲ್ಲಿ ಮಾತ್ರ ತಕರಾರು. ಯುದ್ಧದ ಸುದ್ದಿ ಬಂದಾಗಲೆಲ್ಲ ಎರಡೂ ಪಕ್ಷದವರು ಬೈಬಲನ್ನು ಸಾಕ್ಷಿಗೆ ಕರೆಯುವುದುಂಟು; ಒಬ್ಬರು ದಾವೀದನ ಕವಣೆಯನ್ನು ತೋರಿಸಿದರೆ ಇನ್ನೊಬ್ಬರು ಯೇಸುವಿನ ಪರ್ವತ ಪ್ರಸಂಗವನ್ನು ತೋರಿಸುತ್ತಾರೆ. ವಕೀಲನಾದ ನನಗೆ ಬಿಡಿ ವಾಕ್ಯಗಳಿಗಿಂತ ಪ್ರಕರಣಗಳು ಹೆಚ್ಚು ತಿಳಿಯುತ್ತವೆ. ಆದುದರಿಂದ ಒಂದೇ ಊರಿನ, ಒಂದೇ ವಂಶದ, ಒಂದೇ ಬಗೆಯ ಸಂಕಟಕ್ಕೆ ಸಿಕ್ಕಿದ ಇಬ್ಬರು ಅರಸರನ್ನು ಇಲ್ಲಿ ಜೊತೆಗಿಟ್ಟು ನೋಡಬಯಸುತ್ತೇನೆ.

ಮೊದಲು ಕಾನೂನು. ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಂತೆ, ಹೊಸ ಮನೆ ಕಟ್ಟಿ ಇನ್ನೂ ಗೃಹಪ್ರವೇಶ ಮಾಡದವನು, ದ್ರಾಕ್ಷೆಯ ತೋಟ ಹಾಕಿ ಫಲವುಣ್ಣದವನು, ಮದುವೆ ನಿಶ್ಚಯವಾಗಿ ಹೆಂಡತಿಯನ್ನು ಕರೆತರದವನು, ಕಡೆಗೆ ಸುಮ್ಮನೆ ಹೆದರಿದವನು ಸಹ ಸೈನ್ಯದಿಂದ ಮನೆಗೆ ಮರಳಬಹುದು. ಮುತ್ತಿಗೆ ಹಾಕಿದ ಊರಿನ ಹಣ್ಣಿನ ಮರಗಳನ್ನು ಕಡಿಯಕೂಡದು. ಜನರ ಬೆಳೆಯನ್ನೂ ಕುಡಿಯುವ ನೀರನ್ನೂ ನಾಶಮಾಡಬಾರದೆಂದು ಜಿನೀವಾ ಒಪ್ಪಂದಗಳಿಗೆ ಪೂರಕವಾಗಿ ನಿಯಮ ಬರೆದದ್ದು 1977ರಲ್ಲಿ. ಆದರೆ ಕಾನಾನಿನ ಕೆಲವು ಜನಾಂಗಗಳ ಊರುಗಳಿಗೆ ಸಂಪೂರ್ಣ ನಾಶವನ್ನು ವಿಧಿಸಿರುವುದೂ ಆ ಅಧ್ಯಾಯವೇ. ಅದನ್ನು ಮರೆಮಾಚಿ ಉಳಿದುದನ್ನು ಹೊಗಳುವುದು ಪ್ರಾಮಾಣಿಕ ವಾದವಾಗದು. ಇನ್ನು 17ನೆಯ ಅಧ್ಯಾಯವು ಅರಸನ ಕೈಯನ್ನೇ ಕಟ್ಟುತ್ತದೆ: ಅವನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಧರ್ಮಶಾಸ್ತ್ರದ ಪ್ರತಿಯನ್ನು ಬರೆದಿಟ್ಟುಕೊಂಡು ಜೀವಮಾನವೆಲ್ಲ ಓದಬೇಕು.

ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದಾಗ ಹಿಜ್ಕೀಯನು ಅರಸನಾಗಿದ್ದನು. ಅವನು ಮೊದಲು ಮಾಡಿದ್ದು ಸಂಧಿಯ ಯತ್ನ. ದೇವಾಲಯದ ಬಾಗಿಲುಗಳ ಚಿನ್ನವನ್ನು ಕಿತ್ತಾದರೂ ಕಪ್ಪ ಸಲ್ಲಿಸಿದನು. ಹೊರಗಿನ ಬುಗ್ಗೆಗಳನ್ನು ಮುಚ್ಚಿಸಿ, ಒಡೆದ ಗೋಡೆಯನ್ನು ಕಟ್ಟಿಸಿ, ನೀರನ್ನು ಊರೊಳಕ್ಕೆ ತಿರುಗಿಸಿದನು. ಬಂಡೆಯಲ್ಲಿ ಕೊರೆದ ಸುಮಾರು 533 ಮೀಟರ್ ಉದ್ದದ ಸುರಂಗವೊಂದು ಇಂದಿಗೂ ಅಲ್ಲಿದೆ; ಅದು ಅವನದೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1880ರಲ್ಲಿ ಅದರೊಳಗೆ ದೊರೆತ ಶಾಸನದಲ್ಲಿ ಅರಸನ ಹೆಸರಿಲ್ಲ. ಎರಡು ತುದಿಗಳಿಂದ ಅಗೆಯುತ್ತ ಬಂದ ಕೂಲಿಯಾಳುಗಳು ಬಂಡೆಯಾಚೆಯ ದನಿ ಕೇಳಿ ಸಂಧಿಸಿದ ಸಂಗತಿ ಮಾತ್ರ ಇದೆ.

ಶತ್ರುವಿನ ದೂತನಾಗಿ ಬಂದ ರಬ್ಷಾಕೆಯು ಗೋಡೆಯ ಹೊರಗೆ ನಿಂತು ಜನರ ಆಡುಮಾತಾದ ಯೆಹೂದ್ಯ ಭಾಷೆಯಲ್ಲಿಯೇ ಕೂಗಿ ಮಾತನಾಡಿದನು. ಅರಸನ ಅಧಿಕಾರಿಗಳು ಗಾಬರಿಗೊಂಡು, ತಮಗೆ ಅರಾಮ್ಯ ಭಾಷೆ ತಿಳಿಯುತ್ತದೆಯೆಂದೂ ಗೋಡೆಯ ಮೇಲಿನವರಿಗೆ ಕೇಳಿಸುವಂತೆ ಅವರ ಭಾಷೆಯಲ್ಲಿ ಆಡಬಾರದೆಂದೂ ಬೇಡಿಕೊಂಡರು. ಮುತ್ತಿಗೆ ಮುಂದುವರಿದರೆ ಮಲಮೂತ್ರಗಳೇ ಅನ್ನಪಾನಗಳಾಗುವುದು ಆ ಜನರಿಗಲ್ಲವೇ ಎಂಬುದು ರಬ್ಷಾಕೆಯ ಉತ್ತರದ ತಿರುಳು. ಅವನ ಉದ್ದೇಶ ಕುಟಿಲವಾದದ್ದೇ. ಆದರೂ ಗಡಿನಾಡಿನ ನ್ಯಾಯಾಲಯದಲ್ಲಿ, ತನ್ನದೇ ಜಮೀನಿನ ವಾದವನ್ನು ತನಗೆ ತಿಳಿಯದ ಭಾಷೆಯಲ್ಲಿ ಕೇಳುತ್ತ ನಿಲ್ಲುವ ಕಕ್ಷಿಗಾರನನ್ನು ಕಂಡಿರುವ ನನಗೆ ಆ ಮಾತು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಪ್ರಾಣ ಹೋಗುವುದು ಯಾರದೋ ಅವರಿಗೆ ವಿಷಯ ತಿಳಿಯಬಾರದೆಂಬುದು ಅಧಿಕಾರಿಗಳ ಹಳೆಯ ಆಸೆ.

ಹಿಜ್ಕೀಯನು ಗೋಣಿತಟ್ಟು ಉಟ್ಟು ದೇವಾಲಯಕ್ಕೆ ಹೋದನು; ಅಶ್ಶೂರದ ಅರಸನು ಊರನ್ನು ಹೊಗಲಾರನೆಂದು ಪ್ರವಾದಿ ಯೆಶಾಯನು ಹೇಳಿ ಕಳುಹಿಸಿದನು. ಒಂದೇ ರಾತ್ರಿ ಶತ್ರುಪಾಳೆಯದಲ್ಲಿ 1,85,000 ಮಂದಿ ಸತ್ತರೆಂದು ಬೈಬಲ್ ಹೇಳುತ್ತದೆ. ಸನ್ಹೇರೀಬನ ಶಾಸನವು 46 ಕೋಟೆಯೂರುಗಳನ್ನು ಗೆದ್ದೆನೆಂದು ಕೊಚ್ಚಿಕೊಳ್ಳುತ್ತದೆಯಾದರೂ ಯೆರೂಸಲೇಮನ್ನು ಹಿಡಿದೆನೆನ್ನುವುದಿಲ್ಲ. ರಾಜಧಾನಿ ಉಳಿಯಿತು, ಲಾಕೀಷಿನಂಥ ಊರುಗಳು ಉಳಿಯಲಿಲ್ಲ. ಮುಂದೆ, ಅರಮನೆಯ ಸೊತ್ತೂ ಸಂತತಿಯೂ ಬಾಬೆಲಿನ ಪಾಲಾಗುವುವೆಂದು ತಿಳಿದಾಗ ಹಿಜ್ಕೀಯನು, ತನ್ನ ಕಾಲದಲ್ಲಿ ಸಮಾಧಾನವಿದ್ದರೆ ಸಾಕೆಂದು ತೃಪ್ತನಾದನು. ಅರಸನಿಗೆ ಶೋಭಿಸುವ ತೃಪ್ತಿ ಅದಲ್ಲ.

ಶತಮಾನವೊಂದು ಕಳೆದ ಬಳಿಕ ಆ ಬಾಬೆಲಿನ ನೆಬೂಕದ್ನೆಚ್ಚರನೇ ಬಂದನು. ಈ ಬಾರಿ ಸಿಂಹಾಸನದಲ್ಲಿದ್ದವನು ಚಿದ್ಕೀಯ. ಅವನನ್ನು ಅಲ್ಲಿ ಕೂರಿಸಿದವನು ನೆಬೂಕದ್ನೆಚ್ಚರನೇ. ದೇವರ ಹೆಸರಿನಲ್ಲಿ ಕೊಟ್ಟ ಪ್ರಮಾಣವನ್ನು ಚಿದ್ಕೀಯನು ಮುರಿದಿದ್ದನು. ಹಿಂದಿನಂತೆ ದೇವರು ಅದ್ಭುತ ಮಾಡಿಯಾನೇ ಎಂದು ಅವನು ಪ್ರವಾದಿ ಯೆರೆಮೀಯನಲ್ಲಿ ಕೇಳಿಸಿದನು. ನಮ್ಮ ವೃತ್ತಿಯಲ್ಲಿ ಇದಕ್ಕೆ ಪೂರ್ವನಿರ್ಣಯವನ್ನು ಅವಲಂಬಿಸುವುದೆನ್ನುತ್ತಾರೆ. ಸಂಗತಿಗಳು ಬೇರೆಯಾದಾಗ ಪೂರ್ವನಿರ್ಣಯ ನಿಲ್ಲುವುದಿಲ್ಲ. ಯೆರೆಮೀಯನ ಉತ್ತರ ಯೆಶಾಯನದಕ್ಕೆ ತದ್ವಿರುದ್ಧವಾಗಿತ್ತು: ಶರಣಾಗು, ಊರು ಸುಡದೆ ಉಳಿಯುವುದು. ಇಬ್ಬರೂ ಒಂದೇ ದೇವರ ಪ್ರವಾದಿಗಳು. ಕಾದುವುದೋ ಮಣಿಯುವುದೋ ಎಂಬುದಕ್ಕೆ ಬೈಬಲಿನಲ್ಲಿ ಸಿದ್ಧ ಉತ್ತರ ಹುಡುಕುವವರು ಇಲ್ಲಿ ತಡವರಿಸಲೇಬೇಕು.

ಆ ಮುತ್ತಿಗೆಯ ನಡುವೆ ನಡೆದ ಒಂದು ಘಟನೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇಬ್ರಿಯ ದಾಸದಾಸಿಯರನ್ನೆಲ್ಲ ಬಿಡುಗಡೆ ಮಾಡತಕ್ಕದ್ದೆಂದು ಚಿದ್ಕೀಯನು ಜನರೊಡನೆ ಒಡಂಬಡಿಕೆ ಮಾಡಿದನು, ಒಡೆಯರು ಬಿಟ್ಟರು. ಐಗುಪ್ತದ ಸೈನ್ಯ ಬರುತ್ತಿದೆಯೆಂದು ಕೇಳಿ ಶತ್ರುಗಳು ಕೆಲಕಾಲ ಹಿಂದೆಗೆದರು. ಕೂಡಲೇ ಒಡೆಯರು ಬಿಟ್ಟವರನ್ನು ಮತ್ತೆ ಹಿಡಿದು ದಾಸರನ್ನಾಗಿ ಮಾಡಿಕೊಂಡರು! ಹೊರಗಿನ ವೈರಿಯಿಂದ ಕಾಯುತ್ತೇವೆನ್ನುವವರು ಒಳಗೆ ಯಾರನ್ನು ಕಟ್ಟಿಹಾಕಿದ್ದರೆಂಬುದು ಇಷ್ಟು ಸ್ಪಷ್ಟವಾಗಿ ದಾಖಲಾಗಿರುವುದು ಅಪರೂಪ. ಊರು ಶತ್ರುವಶವಾಗುವುದೆಂಬ ತೀರ್ಪನ್ನು ಯೆರೆಮೀಯನು ಈ ಅಪರಾಧಕ್ಕೆ ನೇರವಾಗಿ ಜೋಡಿಸಿದನು.

ಸೈನಿಕರ ಕೈಗಳನ್ನು ದುರ್ಬಲಗೊಳಿಸುತ್ತಾನೆಂದು ಅಧಿಕಾರಿಗಳು ಯೆರೆಮೀಯನ ಮೇಲೆ ದೂರು ತಂದರು. ವಿಚಾರಣೆ ನಡೆಯಲಿಲ್ಲ. ನಿಮ್ಮೆದುರು ಅರಸನದೇನೂ ನಡೆಯದೆಂದು ಚಿದ್ಕೀಯನು ಕೈಚೆಲ್ಲಿದನು. ಪ್ರವಾದಿಯನ್ನು ಕೆಸರುಬಾವಿಗೆ ಇಳಿಸಿದರು. ಹಗ್ಗ ಕೊಯ್ಯದಂತೆ ಕಂಕುಳಿಗೆ ಹಳೆಯ ಚಿಂದಿಬಟ್ಟೆ ಕೊಟ್ಟು ಮೇಲೆಳೆದವನು ಕೂಷ್ ದೇಶದ ಪರಕೀಯ, ಅರಮನೆಯ ಸೇವಕ ಎಬೆದ್ಮೆಲೆಕ. ಆಮೇಲೆ ಅರಸನು ಪ್ರವಾದಿಯನ್ನು ಗುಟ್ಟಾಗಿ ಕರೆಸಿ ಮತ್ತೆ ಸಲಹೆ ಕೇಳಿದನು. ಶರಣಾಗಲು ಅವನಿಗಿದ್ದ ಅಡ್ಡಿ ಜನರ ಚಿಂತೆಯಲ್ಲ. ಈಗಾಗಲೇ ಶತ್ರುವನ್ನು ಸೇರಿಕೊಂಡ ಯೆಹೂದ್ಯರು ತನ್ನನ್ನು ಅಪಹಾಸ್ಯ ಮಾಡುವರೆಂಬ ಅಂಜಿಕೆ. ಈ ಮಾತುಕತೆ ಯಾರಿಗೂ ತಿಳಿಯಬಾರದೆಂದು ಆಜ್ಞಾಪಿಸಿ ಕಳುಹಿಸಿದನು.

ಊರಲ್ಲಿ ರೊಟ್ಟಿ ಮುಗಿಯಿತು, ಗೋಡೆ ಬಿರಿಯಿತು. ಚಿದ್ಕೀಯನು ರಾತ್ರಿಯಲ್ಲಿ ಅರಮನೆಯ ತೋಟದ ದಾರಿಯಿಂದ ಓಡಿ ಯೆರಿಕೋವಿನ ಬಯಲಿನಲ್ಲಿ ಸಿಕ್ಕಿಬಿದ್ದನು. ಅವನ ಕಣ್ಣೆದುರಿಗೆ ಮಕ್ಕಳನ್ನು ಕೊಂದು, ಬಳಿಕ ಆ ಕಣ್ಣುಗಳನ್ನೇ ಕಿತ್ತು, ಸಂಕೋಲೆ ತೊಡಿಸಿ ಬಾಬೆಲಿಗೆ ಒಯ್ದರು. ದೇವಾಲಯವನ್ನೂ ಮನೆಗಳನ್ನೂ ಸುಟ್ಟರು. ಏನೂ ಇಲ್ಲದ ಬಡವರನ್ನು ಮಾತ್ರ ಶತ್ರುವಿನ ದಳಪತಿಯು ನಾಡಿನಲ್ಲಿಯೇ ಬಿಟ್ಟು, ಅವರಿಗೆ ದ್ರಾಕ್ಷೆಯ ತೋಟಗಳನ್ನೂ ಹೊಲಗಳನ್ನೂ ಕೊಟ್ಟನು.