ಬಟ್ಟಲು ಕಡೆಯುವವರಿಗೆ ಮರವೇ ಮೇಷ್ಟರು

ಮರದ ಬಟ್ಟಲೊಂದನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಅದರ ಹೊಳಪನ್ನು. ಕಸುಬು ಬಲ್ಲವರು ಮಾತ್ರ ಅದನ್ನು ಬೋರಲು ಹಾಕಿ ತಳ ನೋಡುತ್ತಾರೆ, ಅಂಚಿನ ಮೇಲೆ ಬೆರಳಾಡಿಸುತ್ತಾರೆ, ಬೆಳಕಿಗೆ ಹಿಡಿದು ಒಳಮೈಯಲ್ಲಿ ಎಲ್ಲಾದರೂ ನಾರು ಕಿತ್ತು ಬಂದಿದೆಯೇ ಎಂದು ಹುಡುಕುತ್ತಾರೆ. ಹೊಳಪನ್ನು ಅರಗೋ ಎಣ್ಣೆಯೋ ಮೇಣವೋ ಕೊಟ್ಟೀತು. ಕಿತ್ತುಹೋದ ನಾರನ್ನು ಮುಚ್ಚುವುದು ಯಾವ ಹೊಳಪಿಗೂ ಸಾಧ್ಯವಿಲ್ಲ.

ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು 60 ಕಿಲೋಮೀಟರ್ ಸಾಗಿದರೆ ಸಿಗುವ ಚನ್ನಪಟ್ಟಣದಲ್ಲಿ ಮರ ಕಡೆಯುವ ಲೇತ್‌ಗಳ ಸದ್ದು ಇಂದಿಗೂ ಕೇಳಿಸುತ್ತದೆ. ಬುಗುರಿ, ಗಿಲಕಿ, ಕುಂಕುಮದ ಭರಣಿ, ಬಟ್ಟಲು ಎಲ್ಲವೂ ಅಲ್ಲಿ ತಿರುಗುವ ಮರಕ್ಕೆ ಉಳಿ ಒಡ್ಡಿ ಮಾಡಿದವೇ. ನಿಂತು ನೋಡುವವರಿಗೆ ಇದು ಬಹಳ ಸುಲಭದ ಕೆಲಸವೆನಿಸುತ್ತದೆ. ಯಂತ್ರ ತಿರುಗಿಸುತ್ತದೆ, ಕೈ ಹಿಡಿಯುತ್ತದೆ, ಅಷ್ಟೇ ತಾನೆ? ಹಾಗಿದ್ದರೆ ಒಬ್ಬನ ಹತ್ತನೆಯ ಬಟ್ಟಲು ಮೊದಲನೆಯದಕ್ಕಿಂತ ಚೆನ್ನಾಗಿರುವುದೇಕೆ? ಮತ್ತೊಬ್ಬನ ನೂರನೆಯ ಬಟ್ಟಲಿನಲ್ಲೂ ಹಳೆಯ ತಪ್ಪೇ ಉಳಿಯುವುದೇಕೆ? ಉತ್ತರ ಕೈಯಲ್ಲಿ ಅರ್ಧ ಇದೆ, ಮರದಲ್ಲಿ ಅರ್ಧ ಇದೆ.

ಒಂದು ಸುತ್ತಿನಲ್ಲಿ ಎರಡು ಸಲ

ತೆಂಗಿನ ಕಡ್ಡಿ ಪೊರಕೆಯನ್ನು ನೆನಪಿಸಿಕೊಳ್ಳಿ. ಕಡ್ಡಿಗಳ ಉದ್ದಕ್ಕೆ ಕೈಯಾಡಿಸಿದರೆ ನುಣುಪು. ಕಡ್ಡಿಗಳ ತುದಿಗೆ ಕೈಯಿಟ್ಟರೆ ಚುಚ್ಚುತ್ತದೆ. ಮರವೂ ಹೀಗೆಯೇ ಉದ್ದುದ್ದ ನಾರುಗಳ ಕಟ್ಟು. ಅಗಲವಾದ ಬಟ್ಟಲಿಗೆ ಸಾಮಾನ್ಯವಾಗಿ ಹಲಗೆಯನ್ನು ಮಲಗಿಸಿದಂತೆ ಲೇತ್‌ಗೆ ಕಟ್ಟುತ್ತಾರೆ. ಆಗ ಒಂದೊಂದು ಸುತ್ತಿನಲ್ಲೂ ಉಳಿಗೆ ಎರಡು ಸಲ ನಾರಿನ ಮಗ್ಗುಲು, ಎರಡು ಸಲ ನಾರಿನ ತುದಿ ಎದುರಾಗುತ್ತವೆ. ಲೇತ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ನಿಮಿಷಕ್ಕೆ 2000 ಸಲ ಉಳಿ ನಾರಿನ ತುದಿಯನ್ನು ಸಂಧಿಸಬೇಕು. ಮೊಂಡು ಉಳಿ ಅಲ್ಲಿ ಕತ್ತರಿಸುವುದಿಲ್ಲ, ಕೀಳುತ್ತದೆ.

ಆದ್ದರಿಂದಲೇ ಉಳಿ ಸಾಗುವ ದಿಕ್ಕಿಗೂ ನಿಯಮವಿದೆ. ಇಂಥ ಬಟ್ಟಲಿನ ಹೊರಮೈಯನ್ನು ತಳದಿಂದ ಅಂಚಿನ ಕಡೆಗೆ, ಒಳಮೈಯನ್ನು ಅಂಚಿನಿಂದ ತಳದ ಕಡೆಗೆ ಕಡೆಯಬೇಕು. ಆಗ ಕತ್ತರಿಸುವ ನಾರಿಗೆ ಅದರ ಹಿಂದಿನ ನಾರು ಆಸರೆಯಾಗುತ್ತದೆ. ಕುಂಕುಮದ ಭರಣಿಯಂಥ ಚಿಕ್ಕ ಪಾತ್ರೆಗಳಲ್ಲಿ ನಾರು ಲೇತ್‌ನ ಉದ್ದಕ್ಕೇ ಇರುತ್ತದೆ. ಅಲ್ಲಿ ನಿಯಮ ತಿರುಗುಮುರುಗು. ಒಳಭಾಗವನ್ನು ನಡುವಿನಿಂದ ಅಂಚಿನತ್ತ ತೆಗೆಯಬೇಕು. ಇದನ್ನು ಬಾಯಿಪಾಠ ಮಾಡಿದವನು ಮರೆಯುತ್ತಾನೆ. ಪೊರಕೆಯ ಕಡ್ಡಿಗಳನ್ನು ಕಣ್ಣಮುಂದೆ ತಂದುಕೊಂಡವನು ಮರೆಯುವುದಿಲ್ಲ.

ಮರ ಮರಕ್ಕೂ ಬೇರೆ ಪಾಠ

ಚನ್ನಪಟ್ಟಣದವರ ಮೆಚ್ಚಿನ ಮರ ಹಾಲೆ. ಬಿಳಿ ಬಣ್ಣ, ಮೃದು ಮೈ, ಒಂದೇ ಸಮನಾದ ನುಣ್ಣನೆಯ ನಾರು. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಳಿಗೂ ಇದೇ ಮರ. ಅಲ್ಲಿ ಇದರ ಹೆಸರು ಅಂಕುಡು. ಕಲಿಯುವವನ ತಪ್ಪುಗಳನ್ನು ಹಾಲೆ ಬಹಳ ಮಟ್ಟಿಗೆ ಕ್ಷಮಿಸುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಹಾಲೆಗೆ ಒತ್ತಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ; ಬಳಿಕ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಶಾಖಕ್ಕೆ ಕರಗುವ ವಸ್ತುವಾದ್ದರಿಂದ ಅರಗಿನ ಬಟ್ಟಲಿಗೆ ಬಿಸಿ ಸಾರು ಹಾಕುವಂತಿಲ್ಲ ಎಂಬುದನ್ನು ಮನೆಯವರು ನೆನಪಿಡಬೇಕು.

ಮಾವಿನ ಮರ ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಅದರ ನಾರು ಒಂದಕ್ಕೊಂದು ಹೆಣೆದುಕೊಂಡಿರುವುದುಂಟು. ಒಂದು ಪಟ್ಟಿಯಲ್ಲಿ ನುಣ್ಣಗೆ ಬಂದ ಉಳಿ ಪಕ್ಕದ ಪಟ್ಟಿಯಲ್ಲಿ ನಾರು ಕಿತ್ತೀತು. ಹಸಿಯಾಗಿ ಬಹುಕಾಲ ಬಿದ್ದಿದ್ದರೆ ಬೂಷ್ಟು ಹಿಡಿದು ಕಪ್ಪುಗೆರೆ ಮೂಡುತ್ತದೆ, ಹುಳುವೂ ಬೀಳುತ್ತದೆ. ಮಾವು ಕಲಿಸುವ ಪಾಠ ಉಳಿಯ ಹರಿತದ್ದು.

ವೀಣೆಗೆ ಬಳಸುವ ಹಲಸು ಕಡೆದಾಗ ಹಳದಿ. ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ವರ್ಷಗಳಲ್ಲಿ ಕಂದಾಗುತ್ತದೆ. ಇಂದಿನ ಬಣ್ಣವೇ ನಾಳೆಯ ಬಣ್ಣವಲ್ಲ ಎಂಬುದು ಹಲಸಿನ ಪಾಠ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ. ಉಳಿ ಬೇಗ ಮೊಂಡಾಗಿ ಮತ್ತೆ ಮತ್ತೆ ಸಾಣೆ ಹಿಡಿಯಬೇಕಾಗುತ್ತದೆ. ಬೀಟೆ ಗಟ್ಟಿ, ಭಾರ, ಚೆಲುವು. ಆದರೆ ಅದರ ಧೂಳು ಕೆಲವರ ಚರ್ಮಕ್ಕೂ ಮೂಗಿಗೂ ಆಗದು. ಕಲಿಕೆಗಾಗಿ ಬೀಟೆ ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಮುರಿದ ಹಳೆಯ ಮಂಚದ ಕಾಲೊಂದು ಸಿಕ್ಕರೆ ಚಿಕ್ಕ ಬಟ್ಟಲಿಗೆ ಸಾಕು.

ಎಲ್ಲಕ್ಕಿಂತ ವಿಚಿತ್ರ ತೆಂಗು. ಅದು ಹುಲ್ಲಿನಂತೆ ಏಕದಳ ಸಸ್ಯ. ಅದರಲ್ಲಿ ವರ್ಷದ ಉಂಗುರಗಳೇ ಇಲ್ಲ. ಕಾಂಡದ ಹೊರಭಾಗ ಕಲ್ಲಿನಂತೆ, ಒಳಭಾಗ ಬೆಂಡಿನಂತೆ. ಒಂದೇ ತುಂಡಿನಲ್ಲಿ ಎರಡು ಮರ ಕಡೆದ ಅನುಭವ ಕೊಡುತ್ತದೆ.

ಹಸಿ ಮರದ ಲೆಕ್ಕ

ಇಂದು ದುಂಡಗಿದ್ದ ಬಟ್ಟಲು ಮುಂದಿನ ತಿಂಗಳು ಮೊಟ್ಟೆಯಾಕಾರ ತಾಳಿದರೆ ಅದು ಕೈಯ ದೋಷವಲ್ಲ, ನೀರಿನದು. ತೇವಾಂಶ ಶೇಕಡಾ 30ರ ಆಸುಪಾಸಿಗಿಂತ ಕೆಳಗಿಳಿದಾಗ ಮರ ಕುಗ್ಗಲು ತೊಡಗುತ್ತದೆ. ಆದರೆ ಎಲ್ಲ ದಿಕ್ಕಿನಲ್ಲೂ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಉಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗಿಂತ ಸುಮಾರು ಎರಡು ಪಟ್ಟು. 20 ಸೆಂಟಿಮೀಟರ್ ಅಗಲದ ಹಸಿ ಬಟ್ಟಲು ಅಡ್ಡಕ್ಕೆ ಶೇಕಡಾ 6ರಷ್ಟು ಕುಗ್ಗಿತು ಎಂದಿಟ್ಟುಕೊಳ್ಳೋಣ. ಒಂದು ಕಡೆ 20 ಸೆಂಟಿಮೀಟರ್ ಉಳಿದರೆ ಇನ್ನೊಂದು ಕಡೆ 18.8 ಆಗುತ್ತದೆ.

ಇದಕ್ಕೆ ಪರಿಹಾರ ಎರಡು ಸಲ ಕಡೆಯುವುದು. ಮೊದಲು ಅಗಲದ ಹತ್ತನೇ ಒಂದರಷ್ಟು ದಪ್ಪ ಬಿಟ್ಟು, ಅಂದರೆ 20 ಸೆಂಟಿಮೀಟರ್ ಬಟ್ಟಲಿಗೆ 2 ಸೆಂಟಿಮೀಟರ್ ದಪ್ಪ ಬಿಟ್ಟು, ಒರಟಾಗಿ ಕಡೆದು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೇಗ ಒಣಗಿ ಬಿರುಕು ಬಿಡುವ ಅಂಚಿಗೂ ನಾರಿನ ತುದಿಗೂ ಮೇಣ ಸವರುತ್ತಾರೆ. ಡೊಂಕಾಗುವುದೆಲ್ಲ ಆದ ಮೇಲೆ ಎರಡನೆಯ ಸಲ ದುಂಡಗೆ ತರುತ್ತಾರೆ. ಒಣಗಿತೆಂದು ತಿಳಿಯುವುದು ಹೇಗೆ? ವಾರಕ್ಕೊಮ್ಮೆ ತೂಕ ಮಾಡಿ ಬಟ್ಟಲಿನ ತಳದಲ್ಲೇ ಪೆನ್ಸಿಲ್‌ನಿಂದ ಬರೆಯುತ್ತ ಹೋದರೆ ಆಯಿತು. ತೂಕ ಇಳಿಯುವುದು ನಿಂತರೆ ಮರ ಸಿದ್ಧ. ತರಗತಿಯಲ್ಲಿ ಗ್ರಾಫ್ ಎಳೆಯಲು ಇದಕ್ಕಿಂತ ಒಳ್ಳೆಯ ಅಂಕಿಗಳು ಸಿಗುವುದು ಅಪರೂಪ.

ಒಂದನ್ನೇ ಬದಲಿಸಿ

ಕೈ ಪಳಗಬೇಕೆಂದರೆ ಹೆಚ್ಚು ಬಟ್ಟಲು ಕಡೆದರೆ ಸಾಲದು. ವಿಜ್ಞಾನದ ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಡುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಮೊದಲು ಒಂದೇ ಮರದಲ್ಲಿ ಒಂದೇ ಆಕಾರದ ಐದಾರು ಬಟ್ಟಲು. ಅದು ಕೈಗೆ ಹತ್ತಿದ ಮೇಲೆ ಆಕಾರ, ಅಳತೆ, ಉಳಿ ಅವೇ. ಮರ ಮಾತ್ರ ಬೇರೆ. ಆಗ ಕಾಣುವ ವ್ಯತ್ಯಾಸವೆಲ್ಲ ಮರದ್ದು. ದಿನಕ್ಕೊಂದು ಮರ, ದಿನಕ್ಕೊಂದು ಆಕಾರ ಹಿಡಿದವನಿಗೆ ತಪ್ಪು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಇನ್ನೊಂದು ಧೈರ್ಯದ ಕೆಲಸವಿದೆ. ಚೆನ್ನಾಗಿ ಬಂದಿದೆ ಎನಿಸಿದ ಬಟ್ಟಲೊಂದನ್ನು ಗರಗಸದಿಂದ ಎರಡು ಹೋಳು ಮಾಡುವುದು! ಗೋಡೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು, ತಳದ ಬಳಿ ಉಳಿದ ದಿಣ್ಣೆ, ಹೊರಗಿನ ಬಾಗಿಗೆ ಹೊಂದದ ಒಳಬಾಗು, ಎಲ್ಲವೂ ಬಯಲಾಗುತ್ತವೆ. ಹತ್ತು ಬಟ್ಟಲು ಮಾರಿ ಕಲಿಯದ್ದನ್ನು ಒಂದು ಬಟ್ಟಲು ಕೊಯ್ದು ಕಲಿಯಬಹುದು.

ಹುಷಾರು

20 ಸೆಂಟಿಮೀಟರ್ ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 38 ಕಿಲೋಮೀಟರ್. ಬಿರುಕು ಬಿಟ್ಟ ಮರ ಆ ವೇಗದಲ್ಲಿ ಸಿಡಿದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ. ಮುಖಕ್ಕೆ ಗುರಾಣಿ, ಮೂಗಿಗೆ ಮುಸುಕು ಬೇಕೇ ಬೇಕು. ಸಡಿಲ ತೋಳು, ದುಪಟ್ಟಾ, ಬಿಚ್ಚುಗೂದಲು, ಕೈಗವಸು ಬೇಡ. ಹೊಸ ಮರವನ್ನು ಕಡಿಮೆ ವೇಗದಲ್ಲೇ ಆರಂಭಿಸಿ, ಅದರ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಅನುಭವಿಗಳ ಕಣ್ಗಾವಲಿಲ್ಲದೆ ಮಕ್ಕಳು ಲೇತ್ ಮುಟ್ಟಲೇಬಾರದು.

ಇಷ್ಟೆಲ್ಲ ಓದಿದ ಪೋಷಕರು, ‘ನಮ್ಮ ಹುಡುಗ ಬಡಗಿಯಾಗಬೇಕೇ?’ ಎಂದು ಕೇಳಬಹುದು. ಆದರೂ ತಪ್ಪೇನಿಲ್ಲ. ಹೊಸ ಕೈಗಳು ಬಾರದೆ ಯಾವ ಕಸುಬೂ ಉಳಿಯುವುದಿಲ್ಲ. ಬಡಗಿಯಾಗದಿದ್ದರೂ ನಷ್ಟವಿಲ್ಲ. ವೃತ್ತದ ವೇಗ, ಘರ್ಷಣೆಯ ಶಾಖ, ಸಸ್ಯದ ಒಳರಚನೆ, ಶೇಕಡಾವಾರು ಲೆಕ್ಕ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳು. ಒಂದು ಬಟ್ಟಲಿನಲ್ಲಿ ಅವೆಲ್ಲ ಒಟ್ಟಿಗೇ ಎದುರಾಗುತ್ತವೆ. ಜೊತೆಗೆ, ಕೆಟ್ಟ ಕೆಲಸವನ್ನು ಮುಚ್ಚಿಡದೆ ಏಕೆ ಕೆಟ್ಟಿತೆಂದು ಹುಡುಕುವ ಅಭ್ಯಾಸವೂ ಬೆಳೆಯುತ್ತದೆ. ಅದು ಯಾವ ಉದ್ಯೋಗಕ್ಕೂ ಬೇಕಾದದ್ದೇ.